ಮೊದಲ ಸಾಲು ದೇವರಿಗೆ

ಅವರ ವೈಕುಂಠ ಸಮಾರಾಧನೆಯ ಕಾರ್ಡು ಮೊಬೈಲಿಗೆ ಬಂದಾಗ, ಸತ್ತವರು ಯಾರು ಎಂದು ತಿಳಿಯಲು ನಾನು ಪರದೆಯನ್ನು ಎರಡು ಬೆರಳಲ್ಲಿ ಹಿಗ್ಗಿಸಬೇಕಾಯಿತು. ಮೇಲೆ ಹೆಬ್ಬೆರಳು ಗಾತ್ರದ ಅಕ್ಷರದಲ್ಲಿ ಶ್ರೀಹರಿ. ಅದರ ಕೆಳಗೆ ತುಸು ಸಣ್ಣದಾಗಿ ಕುಲದೇವತೆ. ಆಮೇಲೆ ದುಃಖತಪ್ತರಾದ ಹೆಂಡತಿ, ಅಣ್ಣಂದಿರು, ಅಳಿಯ, ಅಳಿಯನ ಅಣ್ಣ. ಕಟ್ಟಕಡೆಗೆ, ಊಟದ ಸಮಯಕ್ಕಿಂತಲೂ ಸಣ್ಣ ಅಕ್ಷರದಲ್ಲಿ, ತೀರಿಕೊಂಡವರು. ಕಾರ್ಡು ಮಾಡಿದ್ದು ಆ ಅಳಿಯನೇ ಅಂತೆ. ಮಾವನ ಕಂಪ್ಯೂಟರಿನಲ್ಲಿದ್ದ ಮಾವನದೇ ಹಳೆಯ ಮಾದರಿ ತೆಗೆದು, ಹೆಸರು ಬದಲಿಸಿ. ಬದುಕಿದ್ದಾಗ ಅವರು ಊರಿಗೆಲ್ಲ ಮಾಡಿದ್ದನ್ನು ಊರು ಅವರಿಗೆ ಸತ್ತ ಮೇಲೆ ಮಾಡಿತು. ನನಗೆ ನಗು ಬಂತು. ಬಂದದ್ದನ್ನು ಬಂತು ಎಂದೇ ಬರೆಯುತ್ತೇನೆ.

ಕುಮಟೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ಎಲ್ಲರಿಗೂ ಅವರು ‘ಪ್ರೆಸ್ಸಿನವರು’. ಸೀಸದ ಅಚ್ಚುಮೊಳೆ ಜೋಡಿಸುವ ಕಾಲದಿಂದ ಲಗ್ನಪತ್ರಿಕೆ, ಮುಂಜಿಯ ಕಾರ್ಡು, ಬಿಲ್ ಬುಕ್ಕು ಮಾಡಿಕೊಂಡು ಬಂದ ಮನುಷ್ಯ. ಜನ ಕರೆಯೋಲೆಯನ್ನು ಮೊಬೈಲಿನಲ್ಲೇ ಕಳಿಸಿ ಕೈತೊಳೆದುಕೊಳ್ಳತೊಡಗಿದ ಮೇಲೆ ಅಂಗಡಿಯಲ್ಲಿ ಯಂತ್ರದ ಸದ್ದು ಕಡಿಮೆಯಾಯಿತು. ಆಗ ಅವರು ಬೋರ್ಡಿನ ಅಡಿಯಲ್ಲಿ ಒಂದು ಸಾಲು ಸೇರಿಸಿದರು: ‘ಇಲ್ಲಿ ವೆಬ್‌ಸೈಟ್ ಮಾಡಿಕೊಡಲಾಗುವುದು’. ಕಲಿತದ್ದು ಹದಿನೈದು ದಿವಸ. ಅಷ್ಟರಲ್ಲಿ ಈಜು ಕೂಡ ಬರುವುದಿಲ್ಲ. ಆದರೆ ಭಟ್ಕಳದಿಂದ ಕುಮಟೆಯವರೆಗೆ ಅಂಗಡಿಕಾರರಿಗೆ ಅವರ ಮೇಲೆ ಇದ್ದ ನಂಬಿಕೆ ದೊಡ್ಡದು. ಮದುವೆ ಕಾರ್ಡು ಮಾಡಿಕೊಟ್ಟವರು ವೆಬ್‌ಸೈಟ್ ಮಾಡಿಕೊಡಲಾರರೇ ಎಂದು ಬಂದರು.

ನಾನು ಬಿಸಿಎ ಮುಗಿಸಿ, ಹೊನ್ನಾವರದಿಂದ ದಿನಾ ಬಸ್ಸು ಹತ್ತಿ ಅವರ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಎರಡು ವರ್ಷ ಅಲ್ಲಿದ್ದೆ. ಪರದೆಯ ಮೇಲಿನ ಪುಟವನ್ನು ಅವರು ಯಾವತ್ತೂ ಪರದೆಯ ಮೇಲೆ ನೋಡಿ ಒಪ್ಪಿದವರಲ್ಲ. ಕಾಗದದ ಮೇಲೆ ತೆಗೆಸಿ, ಕೈ ನೀಳ ಮಾಡಿ ಹಿಡಿದು, ಕನ್ನಡಕ ಹಣೆಗೇರಿಸಿ, ಕೆಂಪು ಪೆನ್ನಿನಲ್ಲಿ ಗೆರೆ ಎಳೆಯಬೇಕು. ಅದಕ್ಕೆ ‘ಪ್ರೂಫು’ ಎಂದು ಹೆಸರು. ಕೆಲವು ಸಲ ಮರದ ಫೂಟುಪಟ್ಟಿ ತಂದು ಕಂಪ್ಯೂಟರಿನ ಗಾಜಿಗೇ ಹಿಡಿದು ಅಕ್ಷರ ಅಳೆಯುತ್ತಿದ್ದರು. ಗಾಜಿನ ಮೇಲೆ ಬಿದ್ದ ಗೀರುಗಳನ್ನು ನಾನು ಎಣಿಸುತ್ತ ಕೂರುತ್ತಿದ್ದೆ. ಮೇಜಿನ ಮೇಲೆ ಹಳೆಯ ಪೋಸ್ಟರಿನ ಕಾಲದ ಮರದ ಅಚ್ಚು ಒಂದು ಇತ್ತು, ‘ಶ್ರೀ’ ಎಂಬ ಅಕ್ಷರದ್ದು, ಅಂಗೈ ಅಗಲದ್ದು. ಫ್ಯಾನಿನ ಗಾಳಿಗೆ ಪ್ರೂಫು ಹಾರದಂತೆ ಅದನ್ನು ಮೇಲೆ ಇಡುತ್ತಿದ್ದರು.

ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ವೆಬ್ ಪುಟದಲ್ಲಿ ಶೀರ್ಷಿಕೆಗೆ ಆರು ದರ್ಜೆಗಳಿವೆ. ಮೊದಲ ದರ್ಜೆಯದು ಈ ಪುಟ ಯಾವುದರ ಬಗ್ಗೆ ಎಂದು ಹೇಳಬೇಕು. ಪುಟಕ್ಕೆ ಅಂಥದ್ದು ಒಂದಿದ್ದರೆ ಸಾಕು. ಎರಡನೆಯ ದರ್ಜೆಯವು ಪುಟದ ಭಾಗಗಳು, ಮೂರನೆಯವು ಆ ಭಾಗಗಳ ಒಳಗಿನವು. ಮೊಬೈಲಿನಲ್ಲಿ ಯಾರಾದರೂ ಏನನ್ನಾದರೂ ಹುಡುಕಿದಾಗ ಹುಡುಕುವ ಯಂತ್ರ ಮುಖ್ಯವಾಗಿ ನೋಡುವ ಗುರುತುಗಳಲ್ಲಿ ಇವೂ ಸೇರಿವೆ. ಅಕ್ಷರ ದೊಡ್ಡದು ಮಾಡುವುದು ಬೇರೆಯೇ ಕೆಲಸ. ಅದಕ್ಕೆ ಬೇರೆ ದಾರಿ ಇದೆ. ಅಡಿಗೆಮನೆಯ ಡಬ್ಬಿಗೆ ಅಂಟಿಸಿದ ಚೀಟಿಯ ಹಾಗೆ ಈ ಶೀರ್ಷಿಕೆ. ಸಾಸಿವೆ ಡಬ್ಬಿಯ ಮೇಲೆ ಸಾಸಿವೆ ಎಂದೇ ಬರೆಯಬೇಕು, ಚೀಟಿ ಎಷ್ಟೇ ಸಣ್ಣದಿರಲಿ.

ಪ್ರೆಸ್ಸಿನವರು ಆರು ದರ್ಜೆಗಳನ್ನು ನೋಡಿದರು, ಅವರಿಗೆ ಕಂಡದ್ದು ಆರು ಅಳತೆಯ ಅಚ್ಚು. “ದೊಡ್ಡವರಿಗೆ ದೊಡ್ಡಕ್ಷರ, ಸಣ್ಣವರಿಗೆ ಸಣ್ಣಕ್ಷರ. ಇಷ್ಟೇ ಮಾರಾಯ್ತಿ ವಿದ್ಯೆ” ಎಂದು ನನಗೆ ಮೊದಲ ದಿನವೇ ಪಾಠ ಹೇಳಿದರು. ದೇವರಿಗಿಂತ ದೊಡ್ಡವರು ಯಾರು? ಹಾಗಾಗಿ ಮೊದಲ ದರ್ಜೆ ಗಣಪತಿಗೆ. ಎರಡನೆಯದು ಕುಲದೇವರಿಗೆ. ಮೂರನೆಯದು ಹಿರಿಯರ ಆಶೀರ್ವಾದಕ್ಕೆ. ನಾಲ್ಕನೆಯದು ಅಂಗಡಿ ಉದ್ಘಾಟಿಸಿದವರಿಗೆ. ಐದನೆಯದು ಮಾಲೀಕರಿಗೆ. ಅಂಗಡಿಯಲ್ಲಿ ಎಂತ ಸಿಗುತ್ತದೆ ಎನ್ನುವುದು ಆರನೆಯ ದರ್ಜೆಯಲ್ಲಿ, ಇರುವೆ ಸಾಲಿನ ಹಾಗೆ.

ಕುಮಟೆಯ ಒಬ್ಬ ಹಲ್ಲಿನ ಡಾಕ್ಟರಿಗೆ ಅವರು ಮಾಡಿದ ಪುಟ ಈಗಲೂ ನನ್ನ ಕಣ್ಣ ಮುಂದಿದೆ. ಮೇಲೆ ‘ಶ್ರೀ ಮಹಾಗಣಪತಿ ಪ್ರಸನ್ನ’. ಅಡಿಯಲ್ಲಿ ‘ತಾವು ಸಹಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಬೇಕಾಗಿ ವಿನಂತಿ’. ಒಂದು ಹಲ್ಲು ಕೀಳಿಸಲು ಇಡೀ ಪರಿವಾರ! ಡಾಕ್ಟರ ಹೆಂಡತಿ ಅಕ್ಷರ ಸಣ್ಣದಾಯಿತು ಎಂದು ದೂರಿದಾಗ ಇವರು ಪುಟದ ಹನ್ನೊಂದು ಸಾಲನ್ನೂ ಎತ್ತಿ ಮೊದಲ ದರ್ಜೆಗೆ ಹಾಕಿದರು. ಎಲ್ಲರೂ ಯಜಮಾನರೇ ಆದ ಮನೆಯಲ್ಲಿ ಬಂದವರು ಯಾರ ಹತ್ತಿರ ಮಾತಾಡಬೇಕು? ಭಟ್ಕಳದ ಅತ್ತರು ಅಂಗಡಿಯವರ ಪುಟಕ್ಕೆ ಅವರ ಮದುವೆ ಕಾರ್ಡಿನ ಪದ್ಧತಿಯಂತೆ ‘ಬಿಸ್ಮಿಲ್ಲಾ’ದ ಬದಲು ಬರೆಯುವ ೭೮೬ ಎಂಬ ಅಂಕಿಯೇ ಮೊದಲ ಶೀರ್ಷಿಕೆ. ಈ ವಿಷಯದಲ್ಲಿ ಪ್ರೆಸ್ಸಿನವರು ಭೇದ ಮಾಡಿದವರಲ್ಲ. ಯಾವ ಜಾತಿ ಮತದವರ ಅಂಗಡಿಯೂ ಯಾರಿಗೂ ಸಿಗದ ಹಾಗೆ ನೋಡಿಕೊಂಡರು. ಯಾಣದ ದಾರಿಯಲ್ಲಿ ಕೋಣೆ ಬಾಡಿಗೆಗೆ ಕೊಡುವವರೊಬ್ಬರು, “ಪುಟ ಚೆಂದ ಇದ್ದು. ಆದ್ರೆ ಒಬ್ರೂ ಬತ್ವಿಲ್ಲೆ” ಎಂದು ಬಂದು ಹೇಳಿದರೆ, ಇವರು “ದೇವರ ದಯೆ ಬೇಕು, ಕಾಯಬೇಕು” ಎಂದು ಕಳಿಸಿದರು. ದೇವರಿಗೆ ಮೊದಲ ದರ್ಜೆ ಕೊಟ್ಟ ಮೇಲೆ ಜವಾಬ್ದಾರಿಯೂ ದೇವರದೇ.

ನಾನು ಒಂದು ಸಲ ಹೇಳಿ ನೋಡಿದೆ. ಗಿರಾಕಿಗಳ ಎದುರೇ ಹೇಳಿದ್ದು ನನ್ನ ತಪ್ಪು. “ಸರ್, ಶೀರ್ಷಿಕೆ ಅಂದ್ರೆ ಅಕ್ಷರದ ಅಳತೆ ಅಲ್ಲ. ಪುಟ ಯಾವುದರ ಬಗ್ಗೆ ಅಂತ ಅದು ಹೇಳಬೇಕು.” ಅವರು ಪ್ರೂಫಿನಿಂದ ತಲೆ ಎತ್ತಲಿಲ್ಲ. “ತಂಗಿ, ನಿನ್ನಪ್ಪ ಚಡ್ಡಿ ಹಾಕುವಾಗ ನಾ ಕಾರ್ಡು ಮಾಡ್ತಿದ್ದೆ. ದೇವರನ್ನ ಕೆಳಗೆ ಹಾಕಿ ಯಾರಿಗಾದ್ರೂ ಒಳ್ಳೇದಾತು ಹೇಳಿ ಕೇಳಿದ್ಯಾ?” ಅಂಗಡಿಯಲ್ಲಿದ್ದ ನಾಲ್ಕು ಜನ ನಕ್ಕರು. ಒಬ್ಬರಂತೂ ನನ್ನನ್ನು ನೋಡಿ, ಈಗಿನ ಮಕ್ಕಳು ಎಂದು ತಲೆ ಅಲ್ಲಾಡಿಸಿದರು.

ಅವತ್ತಿನಿಂದ ನಾನು ಬಾಯಿ ಮುಚ್ಚಿದೆ, ಫೋನು ತೆರೆದೆ. ಅವರ ಒಂದೊಂದು ಪುಟದ ಚಿತ್ರ ತೆಗೆದು ಕಾಲೇಜಿನ ಗೆಳತಿಯರ ಗುಂಪಿಗೆ ಹಾಕುತ್ತಿದ್ದೆ. ‘ಇವತ್ತಿನ ಪ್ರಸಾದ’ ಎಂದು ಅದಕ್ಕೆ ಹೆಸರಿಟ್ಟಿದ್ದೆವು. ಸಂಜೆ ಬಸ್ಸಿನಲ್ಲಿ ಹೊನ್ನಾವರಕ್ಕೆ ಮರಳುವಾಗ ಗೆಳತಿಯರ ನಗು ಒಂದೊಂದಾಗಿ ಬಂದು ಬೀಳುತ್ತಿತ್ತು. ಪ್ರೆಸ್ಸಿನವರು ಎಷ್ಟು ಹೆಚ್ಚು ತಪ್ಪು ಮಾಡುತ್ತಾರೋ ಅಷ್ಟು ನನಗೆ ಹಬ್ಬ. ದಡ್ಡರ ಕೈಕೆಳಗೆ ಕೆಲಸ ಮಾಡುವವರಿಗೆ ಇರುವ ಸುಖ ಅದೊಂದೇ.

ಆ ದಿನಗಳಲ್ಲಿ ಮಂಗಲಕ್ಕ ಬಂದರು. ಭಟ್ಕಳದ ಹತ್ತಿರ ಮುಟ್ಟಳ್ಳಿಯವರು. ಗಂಡ ತೀರಿಹೋಗಿ ಏಳೆಂಟು ವರ್ಷ, ಒಬ್ಬಳೇ ಮಗಳು. ಭಟ್ಕಳದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದರು. ಅಲ್ಲಿ ಹೆರಿಗೆಯಾದವರ ಮನೆಗೆ ಹೋಗಿ ಬಾಣಂತಿಗೆ ಎಣ್ಣೆ ಹಚ್ಚಿ, ಹಂಡೆಯ ಬಿಸಿನೀರು ಹೊಯ್ದು, ಮಗುವನ್ನು ಕಾಲ ಮೇಲೆ ಹಾಕಿಕೊಂಡು ಮೀಯಿಸಿ, ಧೂಪ ಹಾಕಿ ಬರುವ ಕೆಲಸವೂ ಅವರಿಗೆ ಸಿಗುತ್ತಿತ್ತು. ಡಾಕ್ಟರಿಗೆ ವಯಸ್ಸಾಗಿ ಆಸ್ಪತ್ರೆ ಮುಚ್ಚಿತು, ಬಾಯಿಂದ ಬಾಯಿಗೆ ಹೋಗುವ ಸುದ್ದಿಯೂ ನಿಂತಿತು. ಈಗ ಬೇಕಾದವರೆಲ್ಲ ಮೊಬೈಲಿನಲ್ಲಿ ಹುಡುಕುತ್ತಾರೆ ಎಂದು ಯಾರೋ ಹೇಳಿದ್ದರಂತೆ.

“ಮಗಳು ಈ ಸಲ ಹತ್ತನೇ ಇಯತ್ತೆ” ಎಂದರು ಮಂಗಲಕ್ಕ, ಕುರ್ಚಿಯ ತುದಿಗೆ ಕೂತು. “ಮಳೆಗಾಲದ ಒಳಗೆ ಇಲ್ಲೇ ಕೆಲಸ ಸಿಕ್ರೆ ಆತು. ಇಲ್ಲಾಂದ್ರೆ ಗೋವಾಕ್ಕೆ ಹೋಗೂದೇಯ. ಮಡಗಾಂವಿಯಲ್ಲಿ ಒಂದು ಮುದುಕಿ ನೋಡ್ಕಳೂಕೆ ಕರೀತಾರೆ, ಅಲ್ಲೇ ಇರ್ಬೇಕು. ಮಗಳನ್ನ ತಂಗಿ ಮನೇಲಿ ಬಿಡೂದು ನಂಗೆ ಮನಸ್ಸಿಲ್ಲ.”

“ಎಂತಕ್ಕೆ ಹೋಗ್ತೆ? ನಾ ಮಾಡಿಕೊಡ್ತೆ, ಹೆದ್ರಬೇಡ” ಎಂದರು ಪ್ರೆಸ್ಸಿನವರು.

ಮಾಡಿಕೊಟ್ಟರು. ನಾನು ಟೈಪು ಮಾಡಿದೆ, ಅವರು ಕೆಂಪು ಪೆನ್ನು ಹಿಡಿದು ಹಿಂದೆ ನಿಂತರು. ಮೊದಲ ದರ್ಜೆಯಲ್ಲಿ ‘ಶ್ರೀ ದುರ್ಗಾಂಬಾ ಪ್ರಸನ್ನ’. ಪುಟದ ಹೆಸರೂ ಅದೇ. ಎರಡನೆಯದರಲ್ಲಿ ‘ದಿವಂಗತ ಮಾವನವರ ದಿವ್ಯ ಆಶೀರ್ವಾದದೊಂದಿಗೆ’. ಮೂರನೆಯದರಲ್ಲಿ ‘ಊರ ಹತ್ತು ಸಮಸ್ತರ ಸಹಕಾರದೊಂದಿಗೆ’. ಮಂಗಲಕ್ಕನ ಹೆಸರು ಐದನೆಯದರಲ್ಲಿ. ಆರನೆಯದರಲ್ಲಿ ‘ಪ್ರಸವೋತ್ತರ ಶುಶ್ರೂಷಾ ಸೇವೆ ಲಭ್ಯವಿದೆ’. ಹೆರಿಗೆಯಾದ ಮಗಳನ್ನು ಮನೆಗೆ ಕರೆತಂದು, ಕೈಕಾಲು ಆಡದೆ ಮೊಬೈಲು ಹಿಡಿದ ಯಾವ ತಾಯಿ ‘ಪ್ರಸವೋತ್ತರ ಶುಶ್ರೂಷೆ’ ಎಂದು ಹುಡುಕುತ್ತಾಳೆ? ಆ ಸಂಸ್ಕೃತದ ಮಾತು ಹೊಳೆದಾಗ ಪ್ರೆಸ್ಸಿನವರ ಮುಖ ಬೆಳಗಿದ್ದನ್ನು ನಾನು ನೋಡಿದೆ. ಆ ದಿನದ ಪ್ರಸಾದ ಗೆಳತಿಯರಿಗೆ ಬಹಳ ರುಚಿಸಿತು.

ತಿಂಗಳು ಕಳೆಯಿತು. ಮಂಗಲಕ್ಕ ಶನಿವಾರದ ಬಸ್ಸಿಗೆ ಬಂದು ಕೇಳುತ್ತಿದ್ದರು. ಫೋನು ಬಂದದ್ದು ಎರಡೇ. ಒಂದು, ದೇವಸ್ಥಾನ ಮಧ್ಯಾಹ್ನ ತೆರೆದಿರುತ್ತದೆಯೇ ಎಂದು ಕೇಳಿದವರದ್ದು. ಇನ್ನೊಂದು, ದೇವಿಗೆ ಹೂವಿನ ಪೂಜೆ ಮಾಡಿಸಲು ಎಷ್ಟು ದಿವಸ ಮೊದಲು ಹೇಳಬೇಕು ಎಂದವರದ್ದು. “ಅಮ್ಮ ಕರೀತಾಳೆ, ಆದ್ರೆ ಬಾಳಂತೀರು ಕರೀತಿಲ್ಲ” ಎಂದು ಮಂಗಲಕ್ಕ ನಕ್ಕರು. ನಗುವಾಗ ಕೊಡೆಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

ಇಲ್ಲಿ ಒಂದು ಸಂಗತಿ ಇದೆ. ಇದನ್ನು ನಾನು ಗೆಳತಿಯರ ಗುಂಪಿಗೆ ಹಾಕಿರಲಿಲ್ಲ.

ಮಂಗಲಕ್ಕ ಹಾಗೆ ನಕ್ಕುಹೋದ ಮರುವಾರ, ಊಟದ ಹೊತ್ತಿಗೆ ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದಾಗ ಪ್ರೆಸ್ಸಿನವರು ನನ್ನ ಮೇಜಿನ ಹತ್ತಿರ ಬಂದರು. ಫೂಟುಪಟ್ಟಿ ಇರಲಿಲ್ಲ, ಕೆಂಪು ಪೆನ್ನೂ ಇರಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತ, ನನ್ನ ಮುಖ ನೋಡದೆ ಹೇಳಿದರು: “ತಂಗಿ, ಆ ಮಂಗಲನ ಪುಟ ಒಮ್ಮೆ ನೀ ನೋಡು. ಎಂತ ತಪ್ಪಾತು ಹೇಳಿ ನಂಗೆ ತಿಳೀತಿಲ್ಲ. ನಿಂಗೆ ಬೇಕಾದಾಂಗೆ ಮಾಡು.”

ಎರಡು ವರ್ಷದಲ್ಲಿ ಅವರು ಹೀಗೆ ಕೇಳಿದ್ದು ಅದೊಂದೇ ಸಲ. ನನಗೆ ತಪ್ಪು ಗೊತ್ತಿತ್ತು. ತಿದ್ದಲು ಬೇಕಾದದ್ದು ನಾಲ್ಕು ನಿಮಿಷ. ಆದರೆ ಆ ನಾಲ್ಕು ಜನರ ನಗು ನನ್ನ ಕಿವಿಯಲ್ಲಿ ಹಾಗೇ ಇತ್ತು. ಈಗ ಗೊತ್ತಾಯಿತಲ್ಲ, ಅನುಭವಿಸಲಿ ಎಂದುಕೊಂಡೆ. ಪುಟ ತೆರೆದೆ, ಮೇಲಿಂದ ಕೆಳಗೆ ಸರಿಸಿದೆ, ಮುಚ್ಚಿದೆ.

“ಎಲ್ಲಾ ಸರಿ ಇದೆ ಸರ್” ಎಂದೆ.

ಅವರು ಕನ್ನಡಕ ಹಾಕಿಕೊಂಡರು. “ನೀ ನೋಡಿದ್ಯಲ್ಲ, ಹಾಂಗಾರೆ ಆತು” ಎಂದು ತಮ್ಮ ಕುರ್ಚಿಗೆ ಹೋಗಿ ಕೂತರು. ಅವರ ಮುಖದಲ್ಲಿ ಸಮಾಧಾನ ಕಾಣಿಸಿತು. ನನಗೆ ಅದನ್ನು ನೋಡಿ ಇನ್ನಷ್ಟು ತಾತ್ಸಾರವಾಯಿತು.

ಮಳೆಗಾಲಕ್ಕೆ ಮೊದಲು ಮಂಗಲಕ್ಕ ಗೋವಾಕ್ಕೆ ಹೋದರು. ಆ ದೀಪಾವಳಿಗೆ ನಾನೂ ಕೆಲಸ ಬಿಟ್ಟು ಹೊನ್ನಾವರದಲ್ಲೇ ಸ್ವಂತ ಕೆಲಸ ಹಿಡಿದೆ. ದೋಣಿ ವಿಹಾರದವರಿಗೆ, ಕೋಚಿಂಗ್ ಕ್ಲಾಸಿನವರಿಗೆ ಪುಟ ಮಾಡುತ್ತೇನೆ. ನನ್ನ ಪುಟಗಳ ಮೊದಲ ಸಾಲು ನೋಡಿದರೆ ಅಲ್ಲಿ ಎಂತ ಸಿಗುತ್ತದೆ ಎಂದು ಕುರುಡರಿಗೂ ತಿಳಿಯುತ್ತದೆ. ಅವರ ಫೋನು ಶೀರ್ಷಿಕೆಗಳನ್ನೇ ಓದಿ ಹೇಳುತ್ತದಲ್ಲ. ಹೊಸ ಗಿರಾಕಿಗಳಿಗೆ ಪ್ರೆಸ್ಸಿನವರ ಕಥೆ ಹೇಳಿ ನಗಿಸುವುದು ನನ್ನ ವ್ಯಾಪಾರದ ಒಂದು ಭಾಗವೇ ಆಗಿತ್ತು. ಹಲ್ಲಿನ ಡಾಕ್ಟರ ಸಪರಿವಾರದ ಕಥೆ ಹೇಳಿದ ಮೇಲೆ ಕೆಲಸ ಬೇರೆ ಕಡೆಗೆ ಹೋದದ್ದೇ ಇಲ್ಲ.

ಸಮಾರಾಧನೆಗೆ ಹೋದೆ. ನಗು ಬಂದಿತ್ತೆಂದು ಹೇಳಿದೆನಲ್ಲ, ಹಾಗಾಗಿಯೇ ಹೋಗದೆ ಇರಲು ಆಗಲಿಲ್ಲ. ಮನೆಯ ಜಗಲಿಯಲ್ಲಿ ಅವರ ಫೋಟೋ, ಹೂವಿನ ಹಾರ. ಫೋಟೋದ ಕೆಳಗೆ ಆ ಮರದ ‘ಶ್ರೀ’ ಇಟ್ಟಿದ್ದರು. ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಬಂದು ಕೂತವರು ಮಂಗಲಕ್ಕ. ಮಡಗಾಂವಿಯಿಂದ ಬೆಳಗಿನ ರೈಲಿಗೆ ಬಂದಿದ್ದರು, ಸಂಜೆಯ ರೈಲಿಗೆ ಮರಳಿ ಹೋಗಬೇಕು. ಅಷ್ಟು ದೂರದಿಂದ ಇವರ ಊಟಕ್ಕೆ ಬರುವಂಥದ್ದು ಎಂತ ಇತ್ತು ಎಂದು ನನಗೆ ಅರ್ಥವಾಗಲಿಲ್ಲ. ಕೇಳಿಯೇಬಿಟ್ಟೆ.

“ನಾ ಹೊರಡೂ ಮುಂಚೆ ನಮ್ಮನಿಗೆ ಬಂದಿದ್ರು ಪುಣ್ಯಾತ್ಮರು” ಎಂದರು ಮಂಗಲಕ್ಕ. “ಕುಮಟೆಯಿಂದ ಮುಟ್ಟಳ್ಳಿಗೆ, ಬಸ್ ಹತ್ತಿ, ಆ ಬಿಸಿಲಲ್ಲಿ. ‘ಮಂಗಲಾ, ನನ್ನ ಅಂಗಡೀಲಿ ಕಾಲೇಜು ಕಲಿತ ಹುಡುಗಿ ಇದ್ದಾಳೆ. ನಂಗೆ ಗೊತ್ತಿಲ್ಲದ್ದು ಅವಳಿಗೆ ಗೊತ್ತು. ಅವಳ ಹತ್ರ ತೋರ್ಸಿದೆ, ಎಲ್ಲಾ ಸರಿ ಇದೆಯಂತೆ. ಹಾಂಗಾರೆ ಜನಕ್ಕೇ ಬೇಡಾಗಿದೆ, ಕಾದು ಪ್ರಯೋಜನ ಇಲ್ಲ, ನೀ ಹೋಗು’ ಅಂದ್ರು. ಹೇಳೂಕೆ ಅವರಿಗೂ ಕಷ್ಟ ಆಗಿತ್ತು. ನೀರೂ ಕುಡೀಲಿಲ್ಲ.” ನಂತರ ನನ್ನ ಎಲೆ ನೋಡಿ, “ನೀ ಎಂತಕ್ಕೆ ಉಣ್ತಿಲ್ಲ? ಪಾಯಸ ತಣಿದು ಹೋಗ್ತು” ಎಂದರು.

ಮಗಳ ಬಗ್ಗೆ ಕೇಳಿದೆ. ತಂಗಿಯ ಮನೆಯಲ್ಲಿದ್ದು ಪರೀಕ್ಷೆ ಬರೆದಳಂತೆ. ಗಣಿತ ಹೋಯಿತಂತೆ. ಈಗ ಅವಳಿಗೆ ಶಾಲೆ ಬೇಡವಂತೆ, ತಾಯಿಯ ಹತ್ತಿರ ಫೋನಿನಲ್ಲೂ ಹೆಚ್ಚು ಮಾತಾಡುವುದಿಲ್ಲವಂತೆ.

ಮಂಗಲಕ್ಕನನ್ನು ಕುಮಟಾ ಸ್ಟೇಷನ್ನಿಗೆ ಬಿಡಲು ನಾನೇ ಹೋದೆ. ರೈಲು ಹೋದ ಮೇಲೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಫೋನಿನಲ್ಲೇ ಆ ಪುಟ ತೆರೆದೆ. ಪಾಸ್‌ವರ್ಡು ‘ಶ್ರೀ’ಯ ಮುಂದೆ ಒಂದು ಎರಡು ಮೂರು, ಬದಲಾಗಿರಲಿಲ್ಲ. ಮೊದಲ ದರ್ಜೆಯ ಗುರುತನ್ನು ದೇವಿಯ ಹೆಸರಿನಿಂದ ತೆಗೆದೆ. ಹೆಸರನ್ನು ತೆಗೆಯಲಿಲ್ಲ, ಅದೇ ಜಾಗ, ಅದೇ ಅಳತೆ, ಬರೀ ಸಾಲಾಗಿ ಬಿಟ್ಟೆ. ಅದರ ಕೆಳಗೆ ಪುಟದ ಏಕೈಕ ಮೊದಲ ಶೀರ್ಷಿಕೆಯಾಗಿ ‘ಬಾಳಂತಿ, ಮಗುವಿಗೆ ಎಣ್ಣೆ ಹಚ್ಚಿ ಮೀಯಿಸುವವರು: ಭಟ್ಕಳ, ಹೊನ್ನಾವರ, ಕುಮಟಾ’ ಎಂದು ಹಾಕಿದೆ. ಪುಟದ ಹೆಸರನ್ನೂ ಅದೇ ಮಾಡಿದೆ. ಎರಡನೆಯ ದರ್ಜೆಗೆ ಮೂರು ಸಾಲು: ಮನೆಗೆ ಬಂದು ಎಂತ ಮಾಡುತ್ತಾರೆ, ಎಷ್ಟು ದಿವಸ, ಫೋನು. ಮಾವನವರ ಆಶೀರ್ವಾದವನ್ನೂ ಹತ್ತು ಸಮಸ್ತರನ್ನೂ ಇದ್ದಲ್ಲೇ ಇರಿಸಿದೆ. ದೇವರನ್ನು ಕೆಳಗಿಳಿಸುವ ಪ್ರಶ್ನೆಯೇ ಇರಲಿಲ್ಲ. ಇದನ್ನು ಆವತ್ತು ಅವರಿಗೆ ಹೇಳಿದ್ದರೆ ಅವರು ಖುಷಿಯಿಂದ ಒಪ್ಪುತ್ತಿದ್ದರು. ಗಡಿಯಾರ ನೋಡಿದೆ. ಹೊಸ ಸಾಲುಗಳನ್ನು ಬರೆದದ್ದೂ ಸೇರಿ ಆರು ನಿಮಿಷ ಆಗಿತ್ತು.

ಮೂರು ವಾರ ಕಳೆದು ಒಂದು ಬೆಳಿಗ್ಗೆ ಮಂಗಲಕ್ಕನ ಫೋನು.

“ತಂಗೀ, ಎಂತ ಆತು ಇದು? ಮೊನ್ನೆಯಿಂದ ನಾಲ್ಕು ಫೋನು ಬಂತು. ಹೊನ್ನಾವರದಿಂದ ಎರಡು, ನಮ್ಮ ಭಟ್ಕಳದಿಂದ್ಲೇ ಎರಡು. ಬಾಳಂತಿ ಮೀಸೂಕೆ ಬತ್ರಾ ಕೇಳ್ತಾರೆ. ನಾ ಇಲ್ಲಿ ಕೂತು ಎಂತ ಹೇಳೂದು? ಒಬ್ರು ನಮ್ಮನಿಗೆ ಅರ್ಧ ಮೈಲಿ ಆಚೆಯವರು.”

ನಾನು ಪುಟ ತಿದ್ದಿದ್ದನ್ನು ಹೇಳಿದೆ. ಏನು ತಿದ್ದಿದೆ ಎಂದೂ ಹೇಳಿದೆ. ಆ ಕಡೆಯಿಂದ ಪಾತ್ರೆ ಇಟ್ಟ ಸದ್ದು, ಮುದುಕಿ ಕೆಮ್ಮಿದ ಸದ್ದು ಕೇಳಿತು.

“ಅಂದ್ರೆ ಆವಾಗ್ಲೂ ಜನ ಇದ್ರು, ಅಲ್ದಾ?”

“ಇದ್ರು ಅಕ್ಕ.”

“ಪಾಪ, ಪ್ರೆಸ್ಸಿನವರಿಗೆ ಗೊತ್ತಿರಲಿಲ್ಲ.”

“ಗೊತ್ತಿರಲಿಲ್ಲ.”

“ನಿಂಗೆ?”

ಗೊತ್ತಿತ್ತು ಎಂದೆ.

ಮಂಗಲಕ್ಕ ಬೈಯಲಿಲ್ಲ. “ಆತು” ಎಂದು ಫೋನು ಇಟ್ಟರು.